ಬಿಡದ ಸೋಂಕು: ಪ್ರಯೋಗಾಲಯದ ಕ್ಯಾನ್ಸರ್ ಕೋಶಗಳಲ್ಲಿ ವೈರಸ್

ಕ್ಯಾನ್ಸರ್ ಗೆಡ್ಡೆಯಿಂದ ತೆಗೆದು ಪಾತ್ರೆಯಲ್ಲಿ ಬೆಳೆಸಿದ ಕೋಶಗಳೊಳಗೆ ವೈರಸ್ಸೊಂದು ಹೊಕ್ಕು, ಅವುಗಳನ್ನೆಲ್ಲ ಕೊಂದುಹಾಕದೆ, ತಾನೂ ಅಳಿಯದೆ, ತಿಂಗಳು ವರ್ಷಗಟ್ಟಲೆ ಅಲ್ಲೇ ನೆಲೆಯೂರುವುದಕ್ಕೆ ಬಿಡದ ಸೋಂಕು ಎನ್ನಬಹುದು. ನಿರಂತರ ಸೋಂಕು, ದೀರ್ಘಕಾಲಿಕ ಸೋಂಕು ಎಂಬ ಹೆಸರುಗಳೂ ಬಳಕೆಯಲ್ಲಿವೆ. ಕೋಶಗಳು ಮಾಮೂಲಿನಂತೆ ಒಡೆದು ಎರಡಾಗುತ್ತ ಹೋಗುತ್ತವೆ. ವೈರಸ್ಸು ಅವುಗಳ ಜೊತೆ ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ. ಹೀಗೆ ಕೊನೆಯಿಲ್ಲದೆ ಬೆಳೆಯುವ ಕೋಶಗಳ ವಂಶವನ್ನು ಪ್ರಯೋಗಾಲಯದವರು ಸೆಲ್ ಲೈನ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಕೋಶತಳಿ ಎಂದು ಕರೆದಿದೆ.

ಸ್ವರೂಪ

ಕೋಶಗಳಿಗೆ ವೈರಸ್ಸನ್ನು ತಗುಲಿಸಿ ಎರಡು ಮೂರು ದಿನ ಬಿಟ್ಟು ಫ್ಲಾಸ್ಕನ್ನು ಮೈಕ್ರೋಸ್ಕೋಪಿನಡಿ ಇಟ್ಟರೆ ಸಾಮಾನ್ಯವಾಗಿ ಕಾಣುವುದು ಸಾವು. ತಳಕ್ಕೆ ಅಂಟಿಕೊಂಡು ಕಲ್ಲುಹಾಸಿನಂತೆ ಹರಡಿದ್ದ ಕೋಶಗಳು ದುಂಡಗಾಗಿ, ಬಿಟ್ಟುಕೊಂಡು, ಮೇಲೆ ತೇಲುತ್ತವೆ. ಚೆನ್ನಾಗಿ ಬೆಳೆಯುವ ಕೋಶಗಳಿದ್ದರೆ, ಅವುಗಳಿಗೆ ಆಹಾರವಾದ ಮೀಡಿಯಂ ಎಂಬ ದ್ರವದ ಕೆಂಪು ಬಣ್ಣ ದಿನ ಕಳೆದಂತೆ ಹಳದಿಗೆ ತಿರುಗಬೇಕು. ಸತ್ತ ಫ್ಲಾಸ್ಕಿನಲ್ಲಿ ಅದು ಕೆಂಪಾಗಿಯೇ ಉಳಿಯುತ್ತದೆ. ಫ್ಲಾಸ್ಕನ್ನು ಬ್ಲೀಚಿಗೆ ಸುರಿಯುವ ಹೊತ್ತು ಇದು. ಹಾಗೆ ಸುರಿಯದೆ, ಸತ್ತವನ್ನು ತೊಳೆದು, ಹೊಸ ಮೀಡಿಯಂ ಹಾಕಿ 37 ಡಿಗ್ರಿ ಸೆಲ್ಸಿಯಸ್‌ನ ಇನ್‌ಕ್ಯುಬೇಟರಿನಲ್ಲಿ ಮರಳಿ ಇಟ್ಟರೆ, ಕೆಲವು ಸಲ ವಾರಗಳ ನಂತರ ತಳದಲ್ಲಿ ಅಲ್ಲೊಂದು ಇಲ್ಲೊಂದು ಕೋಶಗಳ ಗುಂಪು ಕಾಣಿಸಿಕೊಳ್ಳುತ್ತದೆ. ನೋಡಲು ಆರೋಗ್ಯವಾಗಿಯೇ ಇರುತ್ತವೆ. ಅವುಗಳ ಮೇಲಿನ ಮೀಡಿಯಂ ತೆಗೆದು ಸೋಂಕಿಲ್ಲದ ಕೋಶಗಳಿಗೆ ಹಾಕಿದರೆ ಆ ಕೋಶಗಳು ಸಾಯುತ್ತವೆ. ಬದುಕುಳಿದ ಗುಂಪಿನ ಮೇಲೆ ಅದೇ ವೈರಸ್ಸನ್ನು ಎಷ್ಟು ಸುರಿದರೂ ಅದಕ್ಕೆ ಲೆಕ್ಕವೇ ಇಲ್ಲ. ಈ ಎರಡು ಲಕ್ಷಣ ಒಟ್ಟಿಗೆ ಕಂಡರೆ ಬಿಡದ ಸೋಂಕು ನೆಲೆಗೊಂಡಿದೆ ಎಂದು ತಿಳಿಯಬಹುದು.

ಒಳಗಿನ ಏರ್ಪಾಡು ಮಾತ್ರ ಎಲ್ಲ ಕಡೆ ಒಂದೇ ತೆರನಾಗಿರುವುದಿಲ್ಲ. ಕೆಲವು ಫ್ಲಾಸ್ಕುಗಳಲ್ಲಿ ಯಾವುದೇ ಗಳಿಗೆಯಲ್ಲಿ ನೂರರಲ್ಲಿ ಕೆಲವೇ ಕೋಶಗಳಿಗೆ ಸೋಂಕಿರುತ್ತದೆ. ಆ ಕೋಶಗಳು ವೈರಸ್ಸನ್ನು ಉಗುಳಿ ಸಾಯುತ್ತವೆ, ವೈರಸ್ಸು ಇನ್ನು ಕೆಲವನ್ನು ಹಿಡಿಯುತ್ತದೆ, ಉಳಿದವು ಅಷ್ಟರಲ್ಲಿ ಬೆಳೆದು ಖಾಲಿ ಜಾಗ ತುಂಬುತ್ತವೆ. ಇದು ವಾಹಕ ಕೃಷಿ. ಇನ್ನು ಕೆಲವು ಕಡೆ ಪ್ರತಿಯೊಂದು ಕೋಶದಲ್ಲೂ ವೈರಸ್ಸು ಇದ್ದು, ಕೋಶ ಎರಡಾದಾಗ ಎರಡೂ ಮರಿಗಳಿಗೆ ಪಾಲು ಸಿಗುತ್ತದೆ. ಇವೆರಡನ್ನು ಬೇರ್ಪಡಿಸುವ ಹಳೆಯ ಉಪಾಯ ಸರಳವಾದುದು. ಆ ವೈರಸ್ಸಿನ ಎದುರು ಕೆಲಸ ಮಾಡುವ ಪ್ರತಿಕಾಯಗಳಿರುವ ಸೀರಂ ಅನ್ನು ಮೀಡಿಯಂಗೆ ಬೆರೆಸಿ ಕೆಲವು ಪ್ಯಾಸೇಜ್, ಅಂದರೆ ಹಳೆಯ ಪಾತ್ರೆಯಿಂದ ಹೊಸದಕ್ಕೆ ದಾಟಿಸುವ ಸುತ್ತು, ಬೆಳೆಸಬೇಕು. ಕೋಶದಿಂದ ಕೋಶಕ್ಕೆ ಹೊರಗಿನಿಂದ ದಾಟುತ್ತಿದ್ದ ವೈರಸ್ಸಾದರೆ ದಾರಿ ಕಟ್ಟಾಗಿ ಫ್ಲಾಸ್ಕು ಗುಣವಾಗುತ್ತದೆ. ಕೋಶದೊಳಗೇ ಆಸ್ತಿಯಂತೆ ಹಂಚಿಕೆಯಾಗುತ್ತಿದ್ದರೆ ಸೀರಂನಿಂದ ಏನೂ ಆಗದು. ಮೂರನೆಯದು ಸುಪ್ತ ಸ್ಥಿತಿ. ವೈರಸ್ಸಿನ ಜೀನೋಮ್ ಮಾತ್ರ ಕೋಶದ ನ್ಯೂಕ್ಲಿಯಸ್ಸಿನಲ್ಲಿ ಕುಳಿತಿರುತ್ತದೆ, ವೈರಸ್ ಕಣಗಳೇ ತಯಾರಾಗುವುದಿಲ್ಲ.

ಇಂಥ ಅಧ್ಯಯನಕ್ಕೆಲ್ಲ ಕ್ಯಾನ್ಸರ್ ಕೋಶಗಳೇ ಆಧಾರವಾದುದಕ್ಕೆ ಎರಡು ಕಾರಣಗಳಿವೆ. ಮನುಷ್ಯನ ಸಹಜ ಕೋಶಗಳಿಗೆ ಪಾತ್ರೆಯಲ್ಲಿ ಆಯುಸ್ಸು ಕಡಿಮೆ. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲಿ ತೋರಿಸಿದಂತೆ ಅವು ಸುಮಾರು 50 ಸಲ ಇಮ್ಮಡಿಯಾಗಿ ನಿಂತುಬಿಡುತ್ತವೆ. ವರ್ಷಗಟ್ಟಲೆ ಸೋಂಕನ್ನು ಹಿಂಬಾಲಿಸಲು ಸಾಯದ ಕೋಶ ಬೇಕು. ಎರಡನೆಯ ಕಾರಣ ಕೋಶದ ಕಾವಲಿಗೆ ಸಂಬಂಧಿಸಿದ್ದು. ವೈರಸ್ಸು ಹೊಕ್ಕ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಟ್ಟು ನೆರೆಹೊರೆಯವನ್ನು ಎಚ್ಚರಿಸುತ್ತದೆ. ಲಂಡನ್ನಿನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಇದನ್ನು ವರದಿ ಮಾಡಿದ್ದು 1957ರಲ್ಲಿ. ಇಂಟರ್‌ಫೆರಾನ್ ಕೋಶದ ಬೆಳವಣಿಗೆಗೂ ಕಡಿವಾಣ ಹಾಕುತ್ತದೆ. ಹಾಗಾಗಿ ಕಡಿವಾಣ ಕಿತ್ತುಕೊಂಡು ಬೆಳೆಯುವ ಗೆಡ್ಡೆಯ ಕೋಶಗಳಲ್ಲಿ ಈ ಕಾವಲು ಎಲ್ಲೋ ಒಂದು ಕಡೆ ಮುರಿದಿರುವುದು ಸಾಮಾನ್ಯ. ಆದರೆ ಒಂದೊಂದು ತಳಿಯಲ್ಲಿ ಒಂದೊಂದು ಜಾಗದಲ್ಲಿ ಮುರಿದಿರುತ್ತದೆ, ಕೆಲವುಗಳಲ್ಲಿ ಗಟ್ಟಿಯಾಗಿಯೇ ಇರುತ್ತದೆ. ಒಂದು ತಳಿಯಲ್ಲಿ ಕಂಡದ್ದನ್ನು ಎಲ್ಲ ಕ್ಯಾನ್ಸರಿಗೂ ಅನ್ವಯಿಸುವವರು ಈ ಮಾತನ್ನು ಮರೆತಿರುತ್ತಾರೆ.

ಗೆಡ್ಡೆಯ ಜೊತೆಗೇ ಬಂದವು

ಕೆಲವು ತಳಿಗಳಿಗೆ ಸೋಂಕು ಯಾರೂ ಕೊಟ್ಟದ್ದಲ್ಲ. ರೋಗಿಯ ದೇಹದಲ್ಲೇ ವೈರಸ್ಸು ಗೆಡ್ಡೆಗೆ ಕಾರಣವಾಗಿ ಅಥವಾ ಜೊತೆಯಾಗಿ ಇತ್ತು, ಕೋಶಗಳ ಜೊತೆ ಫ್ಲಾಸ್ಕಿಗೂ ಬಂತು. ಇವುಗಳಲ್ಲಿ ಮೊದಲು ಹೇಳಬೇಕಾದ್ದು ಬರ್ಕಿಟ್ ಲಿಂಫೋಮದ ಕತೆ.

ಉಗಾಂಡದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಆಫ್ರಿಕಾದ ಮಕ್ಕಳ ದವಡೆಯಲ್ಲಿ ಬರುವ ಒಂದು ಗೆಡ್ಡೆಯನ್ನು 1958ರಲ್ಲಿ ವಿವರಿಸಿದ್ದರು. 1961ರ ಮಾರ್ಚ್‌ನಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಅವರು ಕೊಟ್ಟ ಉಪನ್ಯಾಸ ಕೇಳಿದ ಸಂಶೋಧಕ ಆಂಥನಿ ಎಪ್‌ಸ್ಟೈನ್‌ಗೆ ಇದರ ಹಿಂದೆ ವೈರಸ್ ಇರಬೇಕೆನಿಸಿತು. ಗೆಡ್ಡೆಯ ತುಣುಕುಗಳು ವಿಮಾನದಲ್ಲಿ ಲಂಡನ್ನಿಗೆ ಬರತೊಡಗಿದವು. ಎರಡು ವರ್ಷಕ್ಕೂ ಮಿಕ್ಕಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹುಡುಕಿದರೂ ಏನೂ ಸಿಗಲಿಲ್ಲ. 1963ರ ಡಿಸೆಂಬರಿನಲ್ಲಿ ಹೊರಟ ಒಂದು ತುಣುಕು ಲಂಡನ್ನಿನ ಮಂಜಿನಿಂದಾಗಿ ಮ್ಯಾಂಚೆಸ್ಟರಿಗೆ ತಿರುಗಿ, ತಡವಾಗಿ ಕೈಸೇರಿತು. ತುಣುಕು ಮುಳುಗಿದ್ದ ದ್ರವ ಮಬ್ಬಾಗಿತ್ತು. ಬ್ಯಾಕ್ಟೀರಿಯಾ ಬಿದ್ದು ಕೆಟ್ಟಿರಬೇಕೆಂದು ಎಸೆಯುವುದೇ ವಾಡಿಕೆ. ಎಸೆಯುವ ಮೊದಲು ಒಂದು ಹನಿ ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದ್ದರಿಂದ ವಿಷಯ ತಿಳಿಯಿತು. ಮಬ್ಬಿಗೆ ಕಾರಣ ಗೆಡ್ಡೆಯಿಂದ ಉದುರಿ ತೇಲುತ್ತಿದ್ದ ಜೀವಂತ ಕೋಶಗಳು. ಅಲ್ಲಿಯವರೆಗೆ ತುಣುಕನ್ನೇ ಗಾಜಿಗೆ ಅಂಟಿಸಿ ಬೆಳೆಸಲು ಹೆಣಗುತ್ತಿದ್ದವರು ಈಗ ತೇಲುವ ಕೋಶಗಳನ್ನು ಹಾಗೆಯೇ ಬೆಳೆಸಿದರು. ಇವೊನ್ ಬಾರ್ ಬೆಳೆಸಿದ ಆ ತಳಿಯ ಕೋಶಗಳನ್ನು 1964ರ ಫೆಬ್ರವರಿ 24ರಂದು ನೋಡಿದಾಗ ಒಂದು ಕೋಶದ ತುಂಬ ಹರ್ಪೀಸ್ ಬಗೆಯ ವೈರಸ್ ಕಣಗಳು ಕಂಡವು. ಎಲೆಕ್ಟ್ರಾನುಗಳ ಶಾಖಕ್ಕೆ ಮಾದರಿ ಸುಟ್ಟುಹೋದೀತೆಂಬ ಭಯಕ್ಕೆ ಎಪ್‌ಸ್ಟೈನ್ ಯಂತ್ರ ಆರಿಸಿ, ಕೋಟೂ ಹಾಕಿಕೊಳ್ಳದೆ ಹಿಮದಲ್ಲಿ ಒಂದು ಸುತ್ತು ನಡೆದು ಬಂದರಂತೆ. ಬರ್ಟ್ ಅಚಾಂಗ್ ಸೇರಿ ಮೂವರ ಹೆಸರಿನಲ್ಲಿ ಅದೇ ವರ್ಷ ವರದಿ ಪ್ರಕಟವಾಯಿತು. ವೈರಸ್ಸಿಗೆ ಎಪ್‌ಸ್ಟೈನ್–ಬಾರ್ ಎಂಬ ಹೆಸರು ನಿಂತಿತು.

ಎರಡು ವರ್ಷ ಗೆಡ್ಡೆಯಲ್ಲಿ ಸಿಗದ ವೈರಸ್ಸು ಫ್ಲಾಸ್ಕಿನಲ್ಲಿ ಸಿಕ್ಕಿದ್ದೇ ಈ ಕತೆಯ ತಿರುಳು. ದೇಹದೊಳಗೆ ರೋಗನಿರೋಧಕ ವ್ಯವಸ್ಥೆಯ ಕಣ್ಣು ತಪ್ಪಿಸಲು ಅದು ಜೀನೋಮ್ ರೂಪದಲ್ಲಿ ಅಡಗಿರುತ್ತದೆ. ಹೊರಗೆ, ಆ ಕಾವಲಿಲ್ಲದ ಫ್ಲಾಸ್ಕಿನಲ್ಲಿ, ನೂರರಲ್ಲಿ ಕೆಲವು ಕೋಶಗಳು ಸುಪ್ತಿ ಬಿಟ್ಟು ಕಣಗಳನ್ನು ತಯಾರಿಸುತ್ತವೆ. ಉಳಿದ ಕೋಶಗಳಲ್ಲಿ ವೈರಸ್ ಇಲ್ಲವೆಂದು ಆಗ ಎಣಿಸಿದ್ದರು. ಇಬಾದಾನ್‌ನಲ್ಲಿ ರಾಬರ್ಟ್ ಪಲ್ವರ್‌ಟಾಫ್ಟ್ 1963ರಲ್ಲಿ ಬೆಳೆಸಿದ ರಾಜಿ ತಳಿಯಂತೂ ಕಣಗಳನ್ನು ತಯಾರಿಸುವುದೇ ಇಲ್ಲವಾದ್ದರಿಂದ ವೈರಸ್‌ಮುಕ್ತ ಎಂಬ ಪಟ್ಟ ಪಡೆದಿತ್ತು. ಫಿಲಡೆಲ್ಫಿಯಾದಲ್ಲಿ ವರ್ನರ್ ಮತ್ತು ಗರ್ಟ್ರೂಡ್ ಹೆನ್ಲೆ ದಂಪತಿಯ ಬಳಿ ಕೆಲಸ ಮಾಡಿ ಜರ್ಮನಿಗೆ ಮರಳಿದ್ದ ಹರಾಲ್ಡ್ ಜುರ್ ಹೌಸೆನ್, ವೈರಸ್ಸಿನ ಡಿಎನ್‌ಎಯನ್ನು ಕೋಶದ ಡಿಎನ್‌ಎ ಜೊತೆ ಜೋಡಿಸಿ ನೋಡುವ ವಿಧಾನದಿಂದ 1970ರಲ್ಲಿ ಆ ಪಟ್ಟವನ್ನು ಕಳಚಿದರು. ರಾಜಿಯ ಪ್ರತಿ ಕೋಶದಲ್ಲೂ ವೈರಸ್ಸಿನ ಸುಮಾರು 50 ಪ್ರತಿಗಳಿವೆ. ಸುಮಾರು 1,72,000 ಜೋಡಿ ಅಕ್ಷರಗಳ ಆ ಡಿಎನ್‌ಎ ಉಂಗುರಗಳನ್ನು ಇಬಿಎನ್‌ಎ-1 ಎಂಬ ವೈರಸ್ ಪ್ರೋಟೀನು ಕೋಶದ ಕ್ರೋಮೋಸೋಮಿಗೆ ಕಟ್ಟಿಹಾಕುತ್ತದೆ. ಕೋಶ ಒಡೆಯುವಾಗ ಉಂಗುರಗಳೂ ಕ್ರೋಮೋಸೋಮಿನ ಬೆನ್ನೇರಿ ಎರಡು ಕಡೆ ಹಂಚಿಹೋಗುತ್ತವೆ. ಫಾರ್ಬಾಲ್ ಎಸ್ಟರ್ ಅಥವಾ ಸೋಡಿಯಂ ಬ್ಯೂಟಿರೇಟ್ ಬೆರೆಸಿದರೆ ಇಂಥ ಹಲವು ತಳಿಗಳಲ್ಲಿ ಮಲಗಿದ್ದ ವೈರಸ್ಸು ಏಳುತ್ತದೆ. ಪ್ರಯೋಗಾಲಯಗಳಲ್ಲಿ ಇಂದಿಗೂ ಸುಪ್ತಿಯನ್ನು ಮುರಿಯಲು ಇವೇ ರಾಸಾಯನಿಕಗಳು ಬಳಕೆಯಲ್ಲಿವೆ.

ಇದೇ ಜುರ್ ಹೌಸೆನ್ ಮುಂದೆ ಗರ್ಭಕೊರಳಿನ ಕ್ಯಾನ್ಸರಿಗೆ ತಿರುಗಿ, ತಮ್ಮ ತಂಡದೊಂದಿಗೆ ಪ್ಯಾಪಿಲೋಮ ವೈರಸ್ಸಿನ 16 ಮತ್ತು 18ನೆಯ ಬಗೆಗಳನ್ನು 1983–84ರಲ್ಲಿ ಹೊರತೆಗೆದರು. 2008ರ ನೊಬೆಲ್ ಬಂದದ್ದು ಇದಕ್ಕೆ. 18ನೆಯ ಬಗೆ ಹೀಲಾ ಕೋಶಗಳಲ್ಲೂ ಸಿಕ್ಕಿತು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗೆಡ್ಡೆಯಿಂದ, ಅವರ ಒಪ್ಪಿಗೆ ಕೇಳದೆ, ತೆಗೆದ ಕೋಶಗಳವು. ಜಾರ್ಜ್ ಗೈ ಬೆಳೆಸಿದ ಆ ತಳಿ ಅಷ್ಟರಲ್ಲಿ ಜಗತ್ತನ್ನೆಲ್ಲ ಸುತ್ತಿತ್ತು. ಪೋಲಿಯೊ ಲಸಿಕೆಯ ಪರೀಕ್ಷೆಗೂ ಬಳಕೆಯಾಗಿತ್ತು. ಮೂವತ್ತು ವರ್ಷ ಎಲ್ಲರೂ ಬಳಸಿದ ಕೋಶದೊಳಗೆ ವೈರಸ್ಸಿನ ಜೀನುಗಳು ದುಡಿಯುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ.

ಹೀಲಾದಲ್ಲಿ ಇರುವುದು ಪೂರ್ತಿ ವೈರಸ್ಸಲ್ಲ. ಅದರ ಉಂಗುರ ಒಡೆದು ಕೋಶದ 8ನೆಯ ಕ್ರೋಮೋಸೋಮಿನಲ್ಲಿ, ಎಂವೈಸಿ ಎಂಬ ಬೆಳವಣಿಗೆಯ ಜೀನಿನ ನೆರೆಯಲ್ಲಿ, ಹೊಲಿದುಕೊಂಡಿದೆ. ಒಡೆಯುವಾಗ ಇ2 ಎಂಬ ಜೀನು ಕೆಟ್ಟಿತು. ಇ6, ಇ7 ಎಂಬ ಎರಡು ಜೀನುಗಳಿಗೆ ಲಗಾಮು ಹಾಕುತ್ತಿದ್ದುದೇ ಇ2. ಲಗಾಮು ತಪ್ಪಿದ ಇ6 ಪ್ರೋಟೀನು ಕೋಶದ ಪಿ53 ಎಂಬ ಕಾವಲುಗಾರನನ್ನು ನಾಶಪಡಿಸುತ್ತದೆ, ಇ7 ಆರ್‌ಬಿ ಎಂಬ ಇನ್ನೊಂದನ್ನು ಕಟ್ಟಿಹಾಕುತ್ತದೆ. ಹೊರಗಿನಿಂದ ಇ2 ಜೀನನ್ನು ಮರಳಿ ಕೊಟ್ಟರೆ ಎಲ್ಲಕ್ಕಿಂತ ಹುರುಪಿನಿಂದ ಬೆಳೆಯುವ ಹೀಲಾ ಕೋಶ ಬೆಳವಣಿಗೆ ನಿಲ್ಲಿಸಿ ಮುಪ್ಪಾಗುತ್ತದೆ. ಅಂದರೆ ಅಷ್ಟು ವರ್ಷಗಳ ನಂತರವೂ ಕೋಶ ವೈರಸ್ಸಿನ ಎರಡು ಜೀನುಗಳ ಹಂಗಿನಲ್ಲೇ ಬದುಕಿದೆ. ಪ್ರತಿಗಳ ಸಂಖ್ಯೆಗೂ ಈ ಹಂಗಿಗೂ ಹೆಚ್ಚು ಸಂಬಂಧವಿಲ್ಲ. ಗರ್ಭಕೊರಳಿನದೇ ಆದ ಸಿಹಾ ತಳಿಯಲ್ಲಿ 16ನೆಯ ಬಗೆಯ ಒಂದೆರಡು ಪ್ರತಿ, ಕಾಸ್ಕಿ ತಳಿಯಲ್ಲಿ ಸುಮಾರು 600.

ಬೇರೆ ತಳಿಗಳ ಫ್ಲಾಸ್ಕಿಗೆ ಹೀಲಾ ನುಸುಳಿ ಅವುಗಳನ್ನು ಅಳಿಸಿಹಾಕಿದ ವಿಷಯ 1966ರಿಂದ ಬಯಲಾಗತೊಡಗಿತು. ಗಂಟಲಿನ ಕ್ಯಾನ್ಸರಿನದೆಂದು ನಂಬಿದ್ದ ಹೆಪ್-2, ಬಾಯಿಯದೆಂದು ನಂಬಿದ್ದ ಕೆಬಿ, ಎರಡೂ ನಿಜದಲ್ಲಿ ಹೀಲಾ. ಅವುಗಳಲ್ಲೂ ಪ್ಯಾಪಿಲೋಮ 18 ಇದೆ. ಬಿಡದ ವೈರಸ್ಸು ಇಲ್ಲಿ ಕಳ್ಳನ ಬೆರಳಚ್ಚಿನಂತೆ ಸಾಕ್ಷಿ ಹೇಳುತ್ತದೆ.

ಉಳಿದವನ್ನು ಚುಟುಕಾಗಿ ಹೇಳಬಹುದು. ದಕ್ಷಿಣ ಆಫ್ರಿಕಾದಿಂದ 1976ರಲ್ಲಿ ಬಂದ ಪಿಎಲ್‌ಸಿ/ಪಿಆರ್‌ಎಫ್/5 ಎಂಬ ಯಕೃತ್ತಿನ ಕ್ಯಾನ್ಸರ್ ತಳಿ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಮೀಡಿಯಂಗೆ ಸುರಿಸುತ್ತಲೇ ಇರುತ್ತದೆ, ಪೂರ್ಣ ವೈರಸ್ಸನ್ನು ಮಾತ್ರ ಕೊಡುವುದಿಲ್ಲ. ಮನುಷ್ಯನಲ್ಲಿ ಕಂಡ ಮೊದಲ ರೆಟ್ರೋವೈರಸ್ ಎಚ್‌ಟಿಎಲ್‌ವಿ-1, ಹಟ್-102 ಎಂಬ ಲಿಂಫೋಮ ತಳಿಯಿಂದ 1980ರಲ್ಲಿ ರಾಬರ್ಟ್ ಗ್ಯಾಲೊ ಅವರ ಪ್ರಯೋಗಾಲಯದಲ್ಲಿ ಸಿಕ್ಕಿತು. ಕಪೋಸಿ ಸಾರ್ಕೋಮದ ಹರ್ಪೀಸ್ ವೈರಸ್ಸನ್ನು ಬೆಳೆಸಲು ಇಂದಿಗೂ ಆಸರೆ ಬಿಸಿಬಿಎಲ್-1ರಂಥ ಲಿಂಫೋಮ ತಳಿಗಳೇ. ಬಿಸಿ-1 ಎಂಬ ತಳಿಯಲ್ಲಿ ಆ ವೈರಸ್ಸೂ ಎಪ್‌ಸ್ಟೈನ್–ಬಾರ್ ವೈರಸ್ಸೂ ಒಂದೇ ಕೋಶದಲ್ಲಿ ಸಂಸಾರ ಹೂಡಿವೆ.

ಕರೆಯದೆ ಬಂದವು

ಎಜಿಎಸ್ ಎಂಬುದು ಮನುಷ್ಯನ ಜಠರದ ಕ್ಯಾನ್ಸರಿನ ತಳಿ. ಹೊಟ್ಟೆಹುಣ್ಣಿನ ಬ್ಯಾಕ್ಟೀರಿಯಾ ಹೆಲಿಕೋಬ್ಯಾಕ್ಟರ್ ಪೈಲೋರಿಯ ಅಧ್ಯಯನಕ್ಕೆ ಇದನ್ನು ಬಳಸದವರು ಕಡಿಮೆ. ಈ ಕೋಶಗಳಲ್ಲಿ ಸ್ಟ್ಯಾಟ್-1 ಎಂಬ ಪ್ರೋಟೀನು ಸರಿಯಾಗಿ ಉಳಿಯುವುದಿಲ್ಲ. ಇಂಟರ್‌ಫೆರಾನಿನ ಸಂದೇಶವನ್ನು ನ್ಯೂಕ್ಲಿಯಸ್ಸಿಗೆ ಮುಟ್ಟಿಸುವ ಪ್ರೋಟೀನು ಅದು. ಕ್ಯಾನ್ಸರ್ ಕೋಶವಲ್ಲವೇ, ಕಾವಲು ಮುರಿದಿದೆ ಎಂದುಕೊಳ್ಳುವುದು ಸುಲಭ. ಕಾರಣ ಬೇರೆಯೇ ಇತ್ತು. ಆ ಕೋಶಗಳಲ್ಲಿ ಪ್ಯಾರಾಇನ್‌ಫ್ಲುಯೆಂಜಾ 5 ಎಂಬ ವೈರಸ್ಸು ಮೊದಲಿನಿಂದ ನೆಲೆಸಿದೆಯೆಂದು 2007ರಲ್ಲಿ ವರದಿಯಾಯಿತು. ನಾಯಿಗಳ ಕೆಮ್ಮಿಗೆ ಕಾರಣವಾಗುವ ವೈರಸ್ಸು ಇದೇ. ಇದರ ವಿ ಪ್ರೋಟೀನು ಸ್ಟ್ಯಾಟ್-1ಕ್ಕೆ ಕಸದ ಚೀಟಿ ಅಂಟಿಸುತ್ತದೆ, ಕೋಶದ ಸ್ವಂತ ಯಂತ್ರವೇ ಅದನ್ನು ಪುಡಿಮಾಡುತ್ತದೆ. ಕೋಶ ಸಾಯುವುದಿಲ್ಲ, ರೂಪ ಬದಲಾಗುವುದಿಲ್ಲ, ಮೈಕ್ರೋಸ್ಕೋಪಿಗೆ ಏನೂ ಕಾಣುವುದಿಲ್ಲ. ಜಠರದ ಕೋಶ ಬ್ಯಾಕ್ಟೀರಿಯಾಕ್ಕೆ ಹೀಗೆ ಸ್ಪಂದಿಸುತ್ತದೆ ಎಂದು ಎಜಿಎಸ್ ಆಧರಿಸಿ ಬರೆದ ಲೇಖನಗಳನ್ನು, ಇಂಟರ್‌ಫೆರಾನಿನ ಮಾತು ಬಂದಲ್ಲೆಲ್ಲ, ಅನುಮಾನದಿಂದ ಓದಬೇಕಾದದ್ದು ಇದರಿಂದ.

ಇದಕ್ಕಿಂತ ದುಬಾರಿಯಾದದ್ದು ಎಕ್ಸ್‌ಎಂಆರ್‌ವಿ ಎಂಬ ವೈರಸ್ಸಿನ ಪ್ರಕರಣ. 2006ರಲ್ಲಿ ಅಮೆರಿಕದ ಸಂಶೋಧಕರು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮಾದರಿಗಳಲ್ಲಿ ಇಲಿಗಳ ರೆಟ್ರೋವೈರಸ್ಸನ್ನು ಹೋಲುವ ಹೊಸ ವೈರಸ್ ಕಂಡುದಾಗಿ ಹೇಳಿದರು. 2009ರಲ್ಲಿ ಸೈನ್ಸ್ ಪತ್ರಿಕೆಯ ಲೇಖನವೊಂದು, ತೀವ್ರ ಆಯಾಸದ ಕಾಯಿಲೆಯ 101 ರೋಗಿಗಳಲ್ಲಿ 68 ಮಂದಿಯ ರಕ್ತಕೋಶಗಳಲ್ಲಿ ಅದೇ ವೈರಸ್ ಇದೆ ಎಂದಿತು. ವರ್ಷಗಟ್ಟಲೆ ಕಾಯಿಲೆಗೆ ಕಾರಣ ಸಿಗದೆ ಬಳಲಿದ್ದವರಿಗೆ ಇದು ದೊಡ್ಡ ಆಸೆಯಾಯಿತು. ಕೆಲವರು ಎಚ್‌ಐವಿಯ ಔಷಧಿಗಳನ್ನೂ ತೆಗೆದುಕೊಂಡರು. ಕೆನಡಾ 2010ರಲ್ಲಿ ಇಂಥ ರೋಗಿಗಳಿಂದ ರಕ್ತ ಪಡೆಯುವುದನ್ನು ನಿಲ್ಲಿಸಿತು. ಬೇರೆ ಪ್ರಯೋಗಾಲಯಗಳಿಗೆ ಮಾತ್ರ ರೋಗಿಗಳಲ್ಲಿ ವೈರಸ್ ಸಿಗಲೇ ಇಲ್ಲ. ಸಿಕ್ಕಿದ್ದು 22ಆರ್‌ವಿ1 ಎಂಬ ಪ್ರಾಸ್ಟೇಟ್ ಕ್ಯಾನ್ಸರ್ ತಳಿಯಲ್ಲಿ, ಅದೂ ಧಾರಾಳವಾಗಿ.

ಆ ತಳಿಯ ಹುಟ್ಟನ್ನು ಕೆದಕಿದಾಗ ಎಲ್ಲ ಬಯಲಾಯಿತು. 1990ರ ದಶಕದಲ್ಲಿ ರೋಗಿಯೊಬ್ಬರ ಗೆಡ್ಡೆಯನ್ನು ನಿರೋಧಕ ಶಕ್ತಿಯಿಲ್ಲದ ಬೋಳು ಇಲಿಗಳ ಮೈಯಲ್ಲಿ ನೆಟ್ಟು, ಇಲಿಯಿಂದ ಇಲಿಗೆ ದಾಟಿಸಿ ಬೆಳೆಸಿದ್ದರು. 22ಆರ್‌ವಿ1 ಹುಟ್ಟಿದ್ದು ಅದರಿಂದ. ವಿನಯ್ ಪಾಠಕ್ ಮತ್ತು ಜಾನ್ ಕಾಫಿನ್ ಅವರ ತಂಡಗಳು ಶೇಖರಿಸಿಟ್ಟ ಹಳೆಯ ಮಾದರಿಗಳನ್ನು ಹೊರತೆಗೆದು ನೋಡಿದವು. ಮೊದಮೊದಲ ಗೆಡ್ಡೆಗಳಲ್ಲಿ ವೈರಸ್ಸೇ ಇರಲಿಲ್ಲ. ಇಲಿಗಳ ಡಿಎನ್‌ಎಯಲ್ಲಿ ಎರಡು ಅರೆಬರೆ ವೈರಸ್ ತುಣುಕುಗಳಿದ್ದವು. ಗೆಡ್ಡೆ ಇಲಿಗಳಲ್ಲಿ ಸಾಗುವಾಗ ಆ ಎರಡೂ ಬೆಸೆದು ಎಕ್ಸ್‌ಎಂಆರ್‌ವಿ ಹುಟ್ಟಿತ್ತು. ಹಾಗೆ ಬೆಸೆಯುವುದು ಎರಡನೆಯ ಸಲ ಅದೇ ರೀತಿ ನಡೆಯುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ರೋಗಿಗಳಲ್ಲಿ ಕಂಡದ್ದೆಂದು ಹೇಳಿದ ವೈರಸ್ಸೂ ಪ್ರಯೋಗಾಲಯದ ಈ ಮೂಲದಿಂದಲೇ ಬಂದಿರಬೇಕು ಎಂದು 2011ರಲ್ಲಿ ಅವರು ಬರೆದರು. ಅದೇ ಡಿಸೆಂಬರಿನಲ್ಲಿ ಸೈನ್ಸ್ ಪತ್ರಿಕೆ 2009ರ ಲೇಖನವನ್ನು ಹಿಂತೆಗೆದುಕೊಂಡಿತು.

ಕೋಶ ಬೆಳೆಸಲು ಹಾಕುವ ಕರುವಿನ ಸೀರಂ ಕೂಡ ಒಂದು ದಾರಿ. ದನಗಳ ಭೇದಿ ರೋಗದ ವೈರಸ್ಸಿನ ಸೌಮ್ಯ ಬಗೆಗಳು ಗರ್ಭದಲ್ಲೇ ಕರುವಿಗೆ ತಗುಲಿ, ಸೀರಂ ಮೂಲಕ ಫ್ಲಾಸ್ಕಿಗೆ ಇಳಿದು, ಸದ್ದಿಲ್ಲದೆ ಉಳಿಯುತ್ತವೆ. ಹಾಗಾಗಿ ದೊಡ್ಡ ಕೋಶ ಭಂಡಾರಗಳು ತಳಿಗಳನ್ನು ಹಂಚುವ ಮೊದಲು ಅವುಗಳ ಗುರುತನ್ನೂ ಸೋಂಕನ್ನೂ ಪರೀಕ್ಷಿಸುತ್ತವೆ. ನಮ್ಮಲ್ಲಿ ಇಂಥ ಭಂಡಾರ ಇರುವುದು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ. ಬೆಂಗಳೂರಿನ ಪ್ರಯೋಗಾಲಯಗಳೂ ಅಲ್ಲಿಂದ ತಳಿ ತರಿಸುತ್ತವೆ. ಆದರೂ ಪಕ್ಕದ ಪ್ರಯೋಗಾಲಯದ ಗೆಳೆಯರಿಂದ ಒಂದು ಫ್ಲಾಸ್ಕು ಇಸಿದುಕೊಂಡು ಬರುವ ಅಭ್ಯಾಸ ಎಲ್ಲ ಊರಲ್ಲೂ ಇದೆ. ಹೀಗೆ ಕೈಬದಲಾದ ಫ್ಲಾಸ್ಕಿನ ಜೊತೆ ಪರೀಕ್ಷೆಯ ಚೀಟಿ ಬರುವುದಿಲ್ಲ.

ಕೈಯಾರೆ ತಗುಲಿಸಿದವು

ಬಿಡದ ಸೋಂಕು ಹೇಗೆ ನೆಲೆಗೊಳ್ಳುತ್ತದೆಂದು ಕಲಿಸಿದ್ದು ಸಂಶೋಧಕರು ಬೇಕೆಂದೇ ಸೋಂಕು ಕೊಟ್ಟ ಫ್ಲಾಸ್ಕುಗಳು. ಅವುಗಳಲ್ಲಿ ಒಂದು ವೈರಸ್ಸು ಕರ್ನಾಟಕದ ಕೋಳಿ ಸಾಕುವವರಿಗೆಲ್ಲ ಗೊತ್ತಿರುವಂಥದು. ಕೋಳಿ ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ, ಬಾಯಿ ತೆರೆದು ಉಸಿರಿಗೆ ಒದ್ದಾಡಿ ಸಾಯುವ ರಾಣಿಖೇತ್ ರೋಗ. ಕೊಕ್ಕರೆ ರೋಗವೆಂದೂ ಹೇಳುತ್ತಾರೆ. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಾಣಿಸಿಕೊಂಡ ಈ ರೋಗಕ್ಕೆ ಜಗತ್ತಿನಲ್ಲಿ ನ್ಯೂಕ್ಯಾಸಲ್ ರೋಗವೆಂಬ ಹೆಸರು. ಭಾರತದಲ್ಲಿ ಕುಮಾವೂಂ ಬೆಟ್ಟದ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ಆ ಊರಿನ ಹೆಸರು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದರ ಲಸಿಕೆ ತಯಾರಿಸುತ್ತದೆ. ಮರಿಗಳಿಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಸೌಮ್ಯ ಲಸಿಕೆ, ದೊಡ್ಡವಾದ ಮೇಲೆ ಮುಕ್ತೇಶ್ವರದಲ್ಲಿ ರೂಪಿಸಿದ ಆರ್2ಬಿ ಬಗೆಯ ಚುಚ್ಚುಮದ್ದು ಎಂಬುದು ರೂಢಿ.

ಈ ವೈರಸ್ಸನ್ನು ಮನುಷ್ಯನ ಕೋಶತಳಿಗೆ ತಗುಲಿಸಿ ಬಿಡದ ಸೋಂಕನ್ನು ಮೊದಲು ವಿವರವಾಗಿ ಹಿಂಬಾಲಿಸಿದವರಲ್ಲಿ ಮೇಲೆ ಹೇಳಿದ ಹೆನ್ಲೆ ದಂಪತಿ ಮುಖ್ಯರು. ಎಪ್‌ಸ್ಟೈನ್–ಬಾರ್ ವೈರಸ್ಸಿನ ಕೆಲಸಕ್ಕೆ ಮೊದಲೇ, 1958ರಲ್ಲಿ, ಇದರ ವರದಿಗಳು ಹೊರಬಂದವು. ಮುಂದೆ ಪಿಟ್ಸ್‌ಬರ್ಗ್‌ನಲ್ಲಿ ಜೂಲಿಯಸ್ ಯಂಗ್ನರ್ ಇದನ್ನು ಇಲಿಯ ಎಲ್ ಕೋಶಗಳಲ್ಲಿ ಮುಂದುವರಿಸಿದರು. ಸಾಲ್ಕ್ ಅವರ ಪೋಲಿಯೊ ಲಸಿಕೆಯ ಹಿಂದಿನ ಕೋಶಕೃಷಿಯ ಕೈ ಇವರದು. 1969ರಲ್ಲಿ ಅವರೂ ಅವರ ಜೊತೆಗಾರ ಥಾಕೋರ್ ಅವರೂ ಬರೆದ ಲೇಖನದ ಪ್ರಕಾರ, ಬಿಡದ ಸೋಂಕಿನ ಫ್ಲಾಸ್ಕಿನಿಂದ ಹೊರಬಂದ ವೈರಸ್ಸು ಒಳಗೆ ಹೋದ ವೈರಸ್ಸಾಗಿರಲಿಲ್ಲ. ಕೋಳಿಮೊಟ್ಟೆಯ ಭ್ರೂಣವನ್ನು ಕೊಲ್ಲುವ ಶಕ್ತಿ ಕುಗ್ಗಿತ್ತು. ಹೆಚ್ಚಿನ ಉಷ್ಣದಲ್ಲಿ ಬೆಳೆಯಲಾರದ ಬಗೆಗಳೇ ಇಂಥ ಫ್ಲಾಸ್ಕುಗಳಲ್ಲಿ ಮೇಲುಗೈ ಪಡೆಯುತ್ತವೆಂದು ಯಂಗ್ನರ್ ತಂಡ ಮುಂದಿನ ವರ್ಷಗಳಲ್ಲಿ ತೋರಿಸಿತು. ಇದರಂಥ ಬಹುತೇಕ ಆರ್‌ಎನ್‌ಎ ವೈರಸ್ಸುಗಳು ನಕಲು ಮಾಡುವಾಗ ತಪ್ಪು ತಿದ್ದಿಕೊಳ್ಳುವುದಿಲ್ಲ. ಹಾಗಾಗಿ ಫ್ಲಾಸ್ಕಿನೊಳಗೆ ಸದಾ ಬಗೆಬಗೆಯ ವೈರಸ್ಸುಗಳಿರುತ್ತವೆ. ಮನೆಯನ್ನು ಸುಟ್ಟವನಿಗೆ ಮಲಗಲು ಜಾಗವಿಲ್ಲ, ಸುಡದವನು ಉಳಿಯುತ್ತಾನೆ.

ಇನ್ನೊಂದು ಕಡಿವಾಣ ವೈರಸ್ಸಿನ ಕುಂಟು ನಕಲುಗಳದು. ಜೀನೋಮಿನ ದೊಡ್ಡ ಭಾಗ ಕಳೆದುಕೊಂಡ ಕಣಗಳು ತಾವಾಗಿ ಬೆಳೆಯಲಾರವು, ಪೂರ್ಣ ವೈರಸ್ಸು ಇರುವ ಕೋಶದಲ್ಲಿ ಅದರ ಸಾಮಗ್ರಿಯನ್ನು ಕದ್ದು ಬೆಳೆಯುತ್ತವೆ. ಮೊದಲು ಫಾನ್ ಮಗ್ನುಸ್ ಎಂಬ ಸಂಶೋಧಕರು ಇನ್‌ಫ್ಲುಯೆಂಜಾದಲ್ಲಿ ಕಂಡ ಈ ವಿದ್ಯಮಾನಕ್ಕೆ ಅಲಿಸ್ ಹುವಾಂಗ್ ಮತ್ತು ಡೇವಿಡ್ ಬಾಲ್ಟಿಮೋರ್ 1970ರಲ್ಲಿ ಸ್ಪಷ್ಟ ರೂಪ ಕೊಟ್ಟರು. ಕುಂಟು ಕಣಗಳು ಹೆಚ್ಚಿದಾಗ ವೈರಸ್ಸು ಇಳಿಯುತ್ತದೆ, ಕೋಶಗಳು ಚೇತರಿಸುತ್ತವೆ. ಕದಿಯಲು ಏನೂ ಇಲ್ಲದೆ ಕುಂಟು ಕಣಗಳೂ ಇಳಿದಾಗ ವೈರಸ್ಸು ಮತ್ತೆ ಏರುತ್ತದೆ. ಇಂಥ ಫ್ಲಾಸ್ಕನ್ನು ವಾರವಾರ ನೋಡುವವರಿಗೆ ಒಂದು ವಾರ ತುಂಬಿದ ತಳ, ಇನ್ನೊಂದು ವಾರ ಅರ್ಧ ಖಾಲಿ ತಳ ಕಾಣುತ್ತದೆ. ಅನುಭವವಿಲ್ಲದವರು ಇದನ್ನು ತಮ್ಮ ಕೈತಪ್ಪು ಎಂದುಕೊಳ್ಳುವುದುಂಟು.

ವೈರಸ್ಸು ಬದಲಾಗುತ್ತದೆ, ಸರಿ. ಕೋಶ? ಹೈದರಾಬಾದಿನಲ್ಲಿ ಹುಟ್ಟಿದ ರಫಿ ಅಹ್ಮದ್ ಮತ್ತು ಬರ್ನಾರ್ಡ್ ಫೀಲ್ಡ್ಸ್ ತಂಡದ 1981ರ ಪ್ರಯೋಗ ಈ ಪ್ರಶ್ನೆಯನ್ನು ಚೊಕ್ಕವಾಗಿ ಬಿಡಿಸಿತು. ಎಲ್ ಕೋಶಗಳಲ್ಲಿ ರಿಯೋವೈರಸ್ಸಿನ ಬಿಡದ ಸೋಂಕು ನೆಲೆಗೊಂಡ ಮೇಲೆ ಪ್ರತಿಕಾಯದ ಸೀರಂ ಹಾಕಿ ಕೋಶಗಳನ್ನು ಗುಣಪಡಿಸಿದರು. ಈಗ ಕೋಶಗಳಲ್ಲಿ ವೈರಸ್ ಇಲ್ಲ. ಅವುಗಳ ಮೇಲೆ ಮೂಲ ವೈರಸ್ಸನ್ನು ಹಾಕಿದರೆ ಚೆನ್ನಾಗಿ ಬೆಳೆಯಲಿಲ್ಲ, ಅದೇ ಫ್ಲಾಸ್ಕಿನಲ್ಲಿ ಬದಲಾಗಿದ್ದ ವೈರಸ್ಸು ಬೆಳೆಯಿತು. ಅಂದರೆ ಕೊಲ್ಲುವ ವೈರಸ್ಸಿಗೆ ಬಾಗಿಲು ಹಾಕಿದ ಕೋಶಗಳು ಉಳಿದವು, ಆ ಬಾಗಿಲನ್ನು ಬೇರೆ ಕೀಲಿಯಿಂದ ತೆರೆಯಬಲ್ಲ ವೈರಸ್ಸುಗಳು ಉಳಿದವು. ಕೋಶವೂ ವೈರಸ್ಸೂ ಒಂದನ್ನೊಂದು ತಿದ್ದಿದ್ದವು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ 1989ರ ಹೊತ್ತಿಗೆ ಇಂಥದೇ ಹೊಂದಾಣಿಕೆ ಪೋಲಿಯೊ ವೈರಸ್ಸಿಗೂ ಮನುಷ್ಯನ ನರಗೆಡ್ಡೆಯ ಕೋಶಕ್ಕೂ ನಡುವೆ ಕಂಡಿತು. ಕೋಶ ಕೊಲ್ಲುವುದರಲ್ಲಿ ಹೆಸರಾದ ವೈರಸ್ಸೂ ಇದಕ್ಕೆ ಹೊರತಾಗಿಲ್ಲ.

ಔಷಧವಾಗಿ ಬಂದ ರಾಣಿಖೇತ್ ವೈರಸ್

ಕೋಳಿಯ ಈ ವೈರಸ್ಸು ಮನುಷ್ಯನಿಗೆ ತಗುಲಿದರೆ ಹೆಚ್ಚೆಂದರೆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ಕಾರಣ ಅದರ ವಿ ಪ್ರೋಟೀನು. ಅದು ಕೋಳಿಯ ಇಂಟರ್‌ಫೆರಾನನ್ನು ತಡೆಯುತ್ತದೆಯೇ ಹೊರತು ಮನುಷ್ಯನದರ ಮುಂದೆ ಅದರ ಆಟ ನಡೆಯದು. ಕಾವಲು ಮುರಿದ ಕ್ಯಾನ್ಸರ್ ಕೋಶದಲ್ಲಿ ಮಾತ್ರ ಅದು ಸಲೀಸಾಗಿ ಬೆಳೆಯುತ್ತದೆ. ಹೀಗಾಗಿ ಕ್ಯಾನ್ಸರನ್ನು ಕೊಲ್ಲುವ ವೈರಸ್ಸುಗಳ ಪಟ್ಟಿಯಲ್ಲಿ ಇದಕ್ಕೆ ಹಳೆಯ ಸ್ಥಾನವಿದೆ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ವಿಲಿಯಂ ಕ್ಯಾಸೆಲ್ 1965ರಲ್ಲಿ, ಇಲಿಯ ಗೆಡ್ಡೆಕೋಶಗಳಲ್ಲಿ 73 ಪ್ಯಾಸೇಜ್ ಮಾಡಿದ 73-ಟಿ ಎಂಬ ಬಗೆಯನ್ನು ಈ ಉದ್ದೇಶಕ್ಕೆ ಮುಂದಿಟ್ಟರು. 2002ರಲ್ಲಿ ಪಿವಿ701 ಎಂಬ ಬಗೆಯನ್ನು 79 ರೋಗಿಗಳ ರಕ್ತನಾಳಕ್ಕೆ ಕೊಟ್ಟ ಪರೀಕ್ಷೆಯ ವರದಿ ಬಂತು.

ಔಷಧವಾಗಿ ಕೊಟ್ಟ ವೈರಸ್ಸಿಗೆ ಬಿಡದ ಸೋಂಕು ಒಂದು ತಲೆನೋವು. ಕೊಲ್ಲಲು ಕಳಿಸಿದವನು ಅಲ್ಲೇ ಬಿಡಾರ ಹೂಡಿದಂತೆ. ಮಲೇಷ್ಯಾದ ಸಂಶೋಧಕರು ಕರುಳಿನ ಕ್ಯಾನ್ಸರಿನ ಎಸ್‌ಡಬ್ಲ್ಯು480 ತಳಿಯಲ್ಲಿ ಇದನ್ನು ಕಂಡರು. 2017ರಲ್ಲಿ ಅಂಡಾಶಯದ ಕ್ಯಾನ್ಸರಿನ ಓವ್‌ಕಾರ್-3 ತಳಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ ಇನ್ನಷ್ಟು ಒಳಗಿಳಿಯಿತು. ಕೋಳಿಗೆ ಅಪಾಯವಾಗದಂತೆ ತಿದ್ದಿದ ವೈರಸ್ಸನ್ನು ಹಾಕಿದಾಗ ಹೆಚ್ಚಿನ ಕೋಶಗಳು ಸತ್ತು ಒಂದಿಷ್ಟು ಉಳಿದವು. ಉಳಿದವುಗಳಲ್ಲಿ ಇಂಟರ್‌ಫೆರಾನ್ ಜೋರಾಗಿ ಕೆಲಸ ಮಾಡುತ್ತಿತ್ತು, ಮತ್ತೆ ಹಾಕಿದ ವೈರಸ್ಸು ಅವುಗಳನ್ನು ಹೊಗಲಿಲ್ಲ. ಕ್ಯಾನ್ಸರ್ ಕೋಶದಲ್ಲಿ ಕಾವಲು ಮುರಿದಿರುತ್ತದೆ ಎಂಬ ಎಣಿಕೆಯ ಮೇಲೆ ನಿಂತ ಚಿಕಿತ್ಸೆಗೆ ಕಾವಲು ಸರಿಯಿರುವ ಕೋಶಗಳೇ ಹೀಗೆ ಎದುರಾದವು.

ಆ ಕೋಶಗಳಿಂದ ಹೊರಬಂದ ವೈರಸ್ಸು ಯಂಗ್ನರ್ ಅವರ ಫ್ಲಾಸ್ಕಿನ ವೈರಸ್ಸಿನಂತೆ ಬರಿದೇ ಸಪ್ಪೆಯಾಗಿರಲಿಲ್ಲ. ಹೀಲಾ ಮತ್ತು ಎಚ್‌ಟಿ1080 ಎಂಬ ಬೇರೆ ತಳಿಗಳಿಗೆ ಹಾಕಿದಾಗ ಕೋಶಗಳನ್ನು ಮೂಲ ವೈರಸ್ಸಿಗಿಂತ ಹೆಚ್ಚಾಗಿ ಒಂದಕ್ಕೊಂದು ಬೆಸೆಯಿತು. ಬೆಸೆದ ಕೋಶಗಳು ಹತ್ತಾರು ನ್ಯೂಕ್ಲಿಯಸ್ಸುಗಳ ಒಂದೇ ಮುದ್ದೆಯಾಗಿ ಕಾಣುತ್ತವೆ. ವೈರಸ್ಸು ಹೊರಗಿನ ಇಂಟರ್‌ಫೆರಾನ್ ತುಂಬಿದ ಮೀಡಿಯಂಗೆ ಇಳಿಯದೆ, ಗೋಡೆ ಒಡೆದ ಮನೆಗಳಲ್ಲಿ ಒಳಗಿಂದೊಳಗೇ ನಡೆದುಹೋದಂತೆ, ಕೋಶದಿಂದ ಕೋಶಕ್ಕೆ ದಾಟುತ್ತದೆ. ಕಾರಣ ಎರಡು ಬದಲಾವಣೆಗಳು. ಒಂದು ಕೋಶಕ್ಕೆ ಅಂಟಿಕೊಳ್ಳುವ ಎಚ್‌ಎನ್ ಪ್ರೋಟೀನಿನ 169ನೆಯ ಸ್ಥಾನದಲ್ಲಿ. ಇದರಿಂದ ವೈರಸ್ಸು ಕೋಶಕ್ಕೆ ಅಂಟುವ ಬಿಗಿ ಸಡಿಲವಾಯಿತು, ಅದರ ಸಂತಾನವೂ ಕುಗ್ಗಿತು. ಇನ್ನೊಂದು ಬೆಸುಗೆಯ ಎಫ್ ಪ್ರೋಟೀನಿನ 117ನೆಯ ಸ್ಥಾನದಲ್ಲಿ, ಫಿನೈಲ್‌ಅಲನೀನ್ ಎಂಬ ಅಮೈನೊ ಆಮ್ಲ ಹೋಗಿ ಸೆರೀನ್ ಬಂದದ್ದು.

ಈ 117 ಕೋಳಿವೈದ್ಯರಿಗೆ ಚಿರಪರಿಚಿತ ಸಂಖ್ಯೆ. ಎಫ್ ಪ್ರೋಟೀನು ಕೆಲಸ ಮಾಡಬೇಕಾದರೆ 116 ಮತ್ತು 117ರ ನಡುವೆ ಕತ್ತರಿಸಿಕೊಳ್ಳಬೇಕು. 113ರಿಂದ 116ರವರೆಗೆ ಕನಿಷ್ಠ ಮೂರು ಆರ್ಜಿನೀನ್ ಅಥವಾ ಲೈಸೀನ್, 117ರಲ್ಲಿ ಫಿನೈಲ್‌ಅಲನೀನ್ ಇದ್ದರೆ ದೇಹದ ಯಾವುದೇ ಅಂಗದಲ್ಲೂ ಕತ್ತರಿಸಿಕೊಂಡು ಕೋಳಿಯನ್ನು ಕೊಲ್ಲಬಲ್ಲದು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಮಾರಕ ನ್ಯೂಕ್ಯಾಸಲ್ ವೈರಸ್ಸನ್ನು ಗುರುತಿಸುವ ಅಳತೆಗಳಲ್ಲಿ ಈ ಅಕ್ಷರಕ್ರಮ ಒಂದು. ಇನ್ನೊಂದು, ವೈರಸ್ಸನ್ನು ಒಂದು ದಿನದ ಮರಿಗಳ ಮಿದುಳಿಗೆ ಚುಚ್ಚಿ ಎಂಟು ದಿನ ನೋಡಿ 0ಯಿಂದ 2ರವರೆಗೆ ಕೊಡುವ ಅಂಕ, ಅದು 0.7 ಮುಟ್ಟಿದರೆ ಮಾರಕ. ಮನುಷ್ಯನ ಕ್ಯಾನ್ಸರ್ ಕೋಶದಲ್ಲಿ ತಿಂಗಳುಗಟ್ಟಲೆ ಕುಳಿತು ಹೆಚ್ಚು ಚುರುಕಾಗಿ ಹೊರಬಂದ ವೈರಸ್ಸು ಕೋಳಿಗೂಡಿಗೆ ಮರಳಿದರೆ ಏನಾದೀತೆಂಬ ಪ್ರಶ್ನೆ ಆದ್ದರಿಂದಲೇ ಎದ್ದಿತು. ಕೋಳಿಗಳ ಮೇಲೆ ಪರೀಕ್ಷಿಸಿದಾಗ ಅದು ಸೌಮ್ಯವಾಗಿಯೇ ಉಳಿದಿತ್ತು.